ಆರನೇ ಮನೆ

ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಎಂಟು ಮನೆ.
ಏಳರಲ್ಲಿ ಪಿಂಗಾಣಿ ಫ್ಯೂಸು.
ಆರನೆಯದರಲ್ಲಿ ಹೇರ್‌ಪಿನ್ನು.

ಜಾತಕದಲ್ಲಿ ಆರನೇ ಮನೆ
ಶತ್ರು, ಸಾಲ, ರೋಗದ್ದು.
ಇಲ್ಲಿ, ಕಪ್ಪು ಬಣ್ಣ ಸುಟ್ಟು ನೀಲಿಗಟ್ಟಿದ ಪಿನ್ನು
ಸೊಂಟಕ್ಕೆ ಗಾಯದ ಪ್ಲಾಸ್ಟರು ಬಿಗಿದುಕೊಂಡು
ಬಾಣಂತಿಯ ಹಾಗೆ ಕೂತಿದೆ.

ಎಪ್ಪತ್ತೊಂಬತ್ತರ ಪದ್ಮಿನಿ. ಕುಕ್ ಟೌನಿನ
ಹಲ್ಲಿನ ಡಾಕ್ಟರ್ ಸಿಕ್ವೇರಾ ಅವರದ್ದು;
ಅವರು ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ಒಂಬತ್ತು ವರ್ಷ
ಹೆಗ್ಗಣಗಳ ಸುಪರ್ದಿ.
ಸಿಟ್ಟು ಬಂತು. ಇನ್ನೊಬ್ಬರ ಬಾಯಲ್ಲಿ
ಸಾಸಿವೆಯಷ್ಟು ಹುಳುಕು ಹುಡುಕುವ ಮನುಷ್ಯ
ಹೆಂಡತಿಯ ತಲೆಯಿಂದ ಪಿನ್ನು ಕಿತ್ತು
ಇಲ್ಲಿ ಸಿಕ್ಕಿಸಿ ಕೈ ತೊಳೆದುಕೊಂಡನೇ?

ನಾನು ಲಿಫ್ಟ್ ರಿಪೇರಿಯವಳು. ಈ ಜಾತಿಯನ್ನು ಬಲ್ಲೆ.
ಬಾಗಿಲು ಮುಚ್ಚದಿದ್ದರೂ ಓಡಲಿ ಅಂತ
ಎರಡಿಂಚು ತಂತಿಯಲ್ಲಿ ಬೀಗವನ್ನು ಮೂಕ ಮಾಡಿಟ್ಟ
ಎಷ್ಟು ಅಪಾರ್ಟ್‌ಮೆಂಟು! ಕೇಳಿದರೆ ಸೆಕ್ರೆಟರಿ:
"ಟೆಂಪರರಿ ಮೇಡಂ."
ಬೆಂಗಳೂರಲ್ಲಿ ಟೆಂಪರರಿ ಅಂದರೆ ಒಂದು ತಲೆಮಾರು.

ಜೆ.ಸಿ. ರೋಡಿನ ಷಫೀವುಲ್ಲಾ ಡಬ್ಬಿ ತಡಕಿ
ಎಂಟು ಆಂಪಿನವು ಹತ್ತು ಕೊಟ್ಟ.
"ಒಂದು ಸಾಕಲ್ಲಪ್ಪ."
"ಹಾಕಿ ನೋಡಿ," ಅಂದ. ನಗಲಿಲ್ಲ.

ಮೊದಲನೆಯದು ಹಾಕಿ, ಹೊರಗೆ ನಿಂತು
ಕೈಯಲ್ಲೇ ಬ್ರೇಕು ಒತ್ತಿದೆ. ಸರಿಯಿತ್ತು.
ಒಳಗೆ ಕೂತು, ಕಾಲು ಎಟುಕದೆ
ಸೀಟು ಮುಂದಕ್ಕೆಳೆದು ಒತ್ತಿದೆ. ಟಪ್.
ಎರಡನೆಯದು. ಕೂತೆ, ಎಳೆದೆ, ಟಪ್.
ಮೂರನೆಯದಕ್ಕೂ ಅದೇ ಗತಿಯಾಗಿ
ನಾಲ್ಕನೆಯದನ್ನು ಬೆರಳ ತುದಿಯಲ್ಲಿ ಹಿಡಿದು ಸುಮ್ಮನೆ ಕೂತಾಗ ಹೊಳೆಯಿತು:
ಕೆಡುತ್ತಿರುವುದು ಗಾಡಿಯಲ್ಲ,
ನನ್ನ ನಾಲ್ಕಡಿ ಹನ್ನೊಂದಿಂಚು.

ಸೀಟು ಬಿಚ್ಚಿದೆ. ರತ್ನಗಂಬಳಿಯ ಅಡಿ
ಅಂಗೈಯಗಲ ಸುಟ್ಟ ಗುರುತು.
ಹಿಂದಿನ ದೀಪಗಳಿಗೆ ಹೋಗುವ ತಂತಿ
ಹಳಿಯ ಕೆಳಗೆ ಸಿಕ್ಕಿ, ಚರ್ಮ ಸುಲಿದು, ತಾಮ್ರ ಕಾಣುತ್ತಿದೆ.
ಹಳಿಯ ಹಲ್ಲುಗಳಲ್ಲಿ ಕೊನೆಯದು ಉಜ್ಜಿ ಬೆಳ್ಳಗಾಗಿತ್ತು.
ಡಾಕ್ಟರು ಉದ್ದನೆಯ ಆಸಾಮಿ.
ಆದರೆ ಎಲ್ಲಕ್ಕಿಂತ ಮುಂದಿನ ಹಲ್ಲೂ ಸವೆದಿತ್ತು.

ಕಾಗದಕ್ಕೆ ಸಹಿ ಹಾಕುತ್ತ ಮಗ ಹೇಳಿದ್ದ,
"ಮಮ್ಮಿಗೆ ಗಾಡಿ ಓಡಿಸೋಕೆ ಬರ್ತಿರಲಿಲ್ಲ."

ಅಮ್ಮಾ, ನಿಮ್ಮ ಹೆಸರು ಆರ್.ಸಿ. ಪುಸ್ತಕದಲ್ಲಿಲ್ಲ.
ಡಾಕ್ಟರು ಉಂಡು ಮಲಗಿದ ಒಂದೂವರೆ ಗಂಟೆ
ಎಲ್ಲಿಗೆ ಹೋಗುತ್ತಿದ್ದಿರಿ? ಹಲಸೂರು ಕೆರೆ ಸುತ್ತಿ ಬಂದಿರೋ,
ಹೆಣ್ಣೂರಿನ ತನಕವೋ, ಅಥವಾ ಬರೀ
ರೈಲ್ವೆ ಗೇಟಿನವರೆಗೋ?
ಒಂದು ದಿನ ನಡುರಸ್ತೆಯಲ್ಲಿ ಟಪ್ ಅಂದಾಗ
ಯಾರನ್ನು ಕರೆಯುವುದು, ಏನಂತ ಹೇಳುವುದು?
ಕೈ ತಾನಾಗಿ ತುರುಬಿಗೆ ಹೋಗಿರಬೇಕು.
ಪ್ಲಾಸ್ಟರು ಆಮೇಲೆ, ಮನೆಗೆ ಬಂದು, ಕ್ಲಿನಿಕ್ಕಿನ ಡ್ರಾಯರಿನಿಂದ.
ಕೊನೆಗೆ ಸೀಟನ್ನು ಮರೆಯದೆ
ಹಿಂದಕ್ಕೆ ತಳ್ಳಿ.

ಡಾಕ್ಟರ ಮೇಲಿನ ಸಿಟ್ಟು ವಾಪಸ್ಸು ತಗೊಂಡೆ, ಅರ್ಧ.
ಆದರೂ ತಾಯಿ,
ಫ್ಯೂಸು ಅಂದರೆ ಮನೆಗೆಲ್ಲ ಮೊದಲು ಬೈಸಿಕೊಳ್ಳುವವಳು;
ಅವಳ ಬಾಯಿ ಮುಚ್ಚಿಸಿದಿರಿ.
ಬೆಂಕಿ ನಿಮ್ಮ ಕೆಳಗೇ ಇತ್ತು.

ತಂತಿ ಹೊಸದು, ಮೇಲೆ ತೋಳು ಹೊದಿಸಿ,
ಹಳಿಯಿಂದ ಗೇಣು ದೂರ, ಬಾಗಿಲಂಚಿಗೆ ಕ್ಲಿಪ್ಪು ಹಾಕಿ ಒಯ್ದೆ.
ಎರಡು ಭಾನುವಾರ ಹಿಡಿಯಿತು.
ಪಿನ್ನು ಎಸೆಯಲಿಲ್ಲ, ಎಲ್ಲಿಟ್ಟೆನೋ ನೆನಪಿಲ್ಲ.

ಇವತ್ತು ಮೇಲಿನ ಮನೆಯ ನಜ್ಮಾಳನ್ನು
ಗಾಡಿಯ ಹಿಂದೆ ನಿಲ್ಲಿಸಿ ಕೂತೆ.
ಸೀಟನ್ನು ಮುಂದಕ್ಕೆಳೆದೆ.
ಇನ್ನೂ.
ಇನ್ನೊಂದು ಹಲ್ಲು.
ಒತ್ತಿದೆ.

"ಹತ್ತಿತು ಆಂಟಿ! ಎರಡೂ!"
ಕಾಂಪೌಂಡಿನ ಗೋಡೆ, ಒಣಹಾಕಿದ ಬೆಡ್‌ಶೀಟು, ಅವಳ ಫ್ರಾಕು ಎಲ್ಲ ಕೆಂಪು.
"ಸಾಕು, ಬಿಡಿ ಆಂಟಿ."
ಬಿಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಒತ್ತಿಯೇ ಕೂತಿದ್ದೆ.