ತಡೆ

ಬ್ಯಾಟರಿಯ ಕರಿ ತಂತಿ ಬಿಚ್ಚಿ ಅರ್ಧ ಗಂಟೆ ಕಾಯಬೇಕಂತೆ,
ಸ್ಟಿಯರಿಂಗಿನ ಎದೆಯೊಳಗೆ ಮಡಿಸಿಟ್ಟ ಗಾಳಿಚೀಲ
ಪೂರ್ತಿ ನಿದ್ದೆ ಹೋಗುವ ತನಕ.
ಮಿರ್ಕೊ ಹೇಳಿದ. ಹಾಲಿನ ಕ್ರೇಟು ಬೋರಲು ಹಾಕಿಕೊಂಡು
ನನ್ನ ಶೆಡ್ಡಿನ ಬಾಗಿಲಲ್ಲೇ ಕೂತಿದ್ದ.
ಜೀಲಾಂಗಿನ ಜುಲೈ. ಕಡಲ ಕಡೆಯಿಂದ ಮೂಳೆ ಹುಡುಕುವ ಗಾಳಿ.
ಕಾಫಿ ತಂದೆ, ಅರ್ಧ ಲೋಟ ಮಾತ್ರ.
ತುಂಬಿಸಿ ಕೊಟ್ಟರೆ ಅವನ ಕೈ
ಮೊದಲು ನೆಲಕ್ಕೆ ಕುಡಿಸುತ್ತದೆ.

ಮೂವತ್ತೊಂದು ವರ್ಷ ಇಂಜಿನ್ ಕಾರ್ಖಾನೆಯ ಎಲೆಕ್ಟ್ರಿಷಿಯನ್.
ಕಾರ್ಖಾನೆ ಮುಚ್ಚಿತು, ಆಮೇಲೆ ಕೈ ನಡುಗಿತು.
ಎರಡಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ ಡಾಕ್ಟರು.
ಅವನು ಒಪ್ಪಿಲ್ಲ.
ವನಮಾಲ ಎನ್ನಲು ನಾಲಿಗೆ ಹೊರಳದೆ ವಾನ್ಯಾ ಅಂತಾನೆ.
ಅವರ ಕಡೆ ಗಂಡಿಗೂ ಹೆಣ್ಣಿಗೂ ಸಲ್ಲುವ ಹೆಸರಂತೆ.
ಸ್ಕ್ರೂಡ್ರೈವರ್ ಹಿಡಿದ ದಿನ ಅದೇ ಸರಿ.

ಸೆಕೆಂಡ್ ಹ್ಯಾಂಡ್ ಫಾಲ್ಕನ್. ಹಿಂದಿನವರು ಯಾರೋ
ಸ್ಟೀರಿಯೋ ಬದಲಿಸಿ, ಗುಂಡಿಗಳನ್ನು ಅನಾಥ ಮಾಡಿ ಮಾರಿದ್ದರು.
ಒತ್ತಿದರೆ ಟಕ್ ಅನ್ನುತ್ತವೆ, ಅಷ್ಟೆ.
ನಸುಕಿನ ನಾಲ್ಕಕ್ಕೆ ಬೇಕರಿಗೆ ಹೋಗುವ ದಾರಿಯಲ್ಲಿ
ಎರಡು ವರ್ಷವಾದರೂ ನನ್ನ ಹೆಬ್ಬೆರಳೊಂದು
ಇನ್ನೂ ನಂಬಿಕೆ ಬಿಟ್ಟಿರಲಿಲ್ಲ.

ಚಕ್ರದ ಹಿಂದೆ ಚಕ್ಕುಲಿ ಸುತ್ತಿದಂಥ ಒಂದು ಪಟ್ಟಿ,
ಎಡಕ್ಕೆ ತಿರುಗಿದರೆ ಬಿಚ್ಚಿಕೊಂಡು, ಬಲಕ್ಕೆ ಸುತ್ತಿಕೊಂಡು
ಹರಿಯದೆ ಉಳಿದದ್ದು.
ಅದನ್ನು ಮುಟ್ಟಬೇಡ, ಅಂದ.
ಆರು ಗುಂಡಿಗೆ ಆರು ತಂತಿ ಹುಡುಕುತ್ತಿದ್ದೆ. ನಕ್ಕ.
ಎರಡೇ, ವಾನ್ಯಾ. ಹಸಿರು ಗೆರೆಯ ಕಂದು, ಇನ್ನೊಂದು ಕಪ್ಪು.
ಎಲ್ಲರೂ ಬರುವುದು ಅದೇ ಓಣಿಯಲ್ಲಿ.
ಹಾಗಾದರೆ ಬಂದವರು ಯಾರೆಂದು ಒಳಗಿನವರಿಗೆ ಹೇಗೆ ಗೊತ್ತು?
ಯಾರು ಎಷ್ಟು ತಡೆಯುತ್ತಾರೆ ಅನ್ನೋದರಿಂದ.
ಅದೇ ಅವರವರ ಹೆಸರು.

ಮೀಟರಿನ ಕಡ್ಡಿ ಚುಚ್ಚಿ ಒಂದೊಂದೇ ಒತ್ತಿದೆ,
ಹಿಟ್ಟಿನ ಬಿಲ್ಲಿನ ಬೆನ್ನಿಗೆ ಬರೆದೆ:
ದನಿ ಏರಲು ಮುನ್ನೂರ ತೊಂಬತ್ತು,
ಇಳಿಯಲು ಆರುನೂರ ಎಂಬತ್ತು,
ಮುಂದಿನ ಹಾಡಿಗೆ ಸಾವಿರದ ಇನ್ನೂರು ಓಮ್.
ದನಿ ಮುಚ್ಚುವ ಗುಂಡಿಗೆ ಮಾತ್ರ ಸೊನ್ನೆ.
ಮೀಟರು ಕೆಟ್ಟಿತೇನೋ ಅಂದೆ.
ಇಲ್ಲ. ಸುಮ್ಮನಾಗುವುದಕ್ಕೆ ತಡೆಯೇ ಇರುವುದಿಲ್ಲ,
ಸೀದಾ ನೆಲಕ್ಕೆ ಇಳಿಯುತ್ತದೆ.
ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ
ಅದನ್ನೇ ಯಾರೋ ಒತ್ತಿ ಹಿಡಿದ ಹಾಗೆ ಕೂತೆವು.

ಕೈ ನನ್ನದು, ಕಣ್ಣು ಅವನದು. ಬೆಸುಗೆ ಹಾಕಿದೆ.
ಎಳೆದು ನೋಡು, ಅಂದ. ಕಿತ್ತು ಬಂತು.
ಇನ್ನೊಮ್ಮೆ. ಎಳೆದು ನೋಡು.
ಬರಲಿಲ್ಲ.
ಬೈಗುಳವೋ ಶಭಾಷೋ, ಅವರ ಭಾಷೆಯಲ್ಲಿ ಏನೋ ಅಂದ.

ಬ್ಯಾಟರಿ ಕೊಟ್ಟೆವು. ಹೊಸ ಸ್ಟೀರಿಯೋ ಪರದೆ ತೆರೆದು
ಗುಂಡಿಯನ್ನು ಒತ್ತಿ ಹಿಡಿಯಿರಿ, ಕಲಿಯುತ್ತೇನೆ, ಅಂತು.
ಐದನ್ನು ನಾನು ಕಲಿಸಿದೆ.
ಆರನೆಯದು, ಹಿಂದಿನ ಹಾಡು. ಅದನ್ನು ನೀನು ಕಲಿಸು ಅಂದೆ.
ಬೇಡ ಬೇಡ ಎನ್ನುತ್ತಲೇ ಕ್ರೇಟಿನಿಂದ ಎದ್ದು ಬಂದ.
ಬಗ್ಗಿದ, ಬೆರಳಿಟ್ಟ, ಉಸಿರು ಹಿಡಿದ.
ಬೆರಳು ಪಕ್ಕದ ಗುಂಡಿಯ ಮೇಲೂ ಹೊರಳಿತು, ಎರಡೂ ಒಟ್ಟಿಗೆ ಒತ್ತಿದವು.
ಬೀಪ್ ಅಂತು. ಕಲಿತುಬಿಟ್ಟಿತು.

ಈಗ ಅದನ್ನೊಂದನ್ನೇ ಒತ್ತಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.
ಪಕ್ಕದ್ದನ್ನೂ ಸೇರಿಸಿ, ಬೆರಳನ್ನು ತುಸು ಅಡ್ಡ ಹೊರಳಿಸಿ,
ಥೇಟು ಅವನ ಹಾಗೆ ಒತ್ತಿದರೆ ಮಾತ್ರ
ಕಳೆದ ಹಾಡು ತಿರುಗಿ ಬರುತ್ತದೆ.

ಅಳಿಸಿ ಮತ್ತೆ ಕಲಿಸು, ತಪ್ಪಾಗಿದೆ, ಅಂದಿದ್ದ.
ನಾಳೆ ಮಾಡ್ತೀನಿ ಅಂದೆ.
ಇದು ನಾಲ್ಕನೇ ತಿಂಗಳು.