ಸೊನ್ನೆಯ ಕೆಳಗೆ ಒಂಬತ್ತು

ಬ್ರಯೀಲದ ಹವಾಮಾನ ಕಚೇರಿಯಲ್ಲಿ
ಹನ್ನೊಂದು ಚಳಿಗಾಲ ನನ್ನ ಕೆಲಸ ಇಷ್ಟೇ:
ಬೆಳಗಿನ ನಾಲ್ಕಕ್ಕೆ ಕಂದೀಲು ಹಿಡಿದು ಅಂಗಳಕ್ಕಿಳಿಯುವುದು,
ಬಿಳಿ ಗೂಡಿನ ಬಾಗಿಲು ತೆರೆದು
ಉಸಿರು ತಾಕದ ಹಾಗೆ ಬಗ್ಗಿ
ಪಾದರಸ ಎಲ್ಲಿ ನಿಂತಿದೆಯೆಂದು ನೋಡುವುದು,
ರಾಜಧಾನಿಗೆ ಫೋನು ಮಾಡುವುದು.

ಆ ಜನವರಿ ಡ್ಯಾನ್ಯೂಬ್ ಕಲ್ಲಾಗಿತ್ತು.
ಹತ್ತೊಂಬತ್ತು, ಅಂದೆ. ಸೊನ್ನೆಯ ಕೆಳಗೆ ಹತ್ತೊಂಬತ್ತು.
ಆ ಕಡೆ ಯಾರೋ ಚಹಾ ಕಲಕುವ ಸದ್ದು.
"ಕಾಮ್ರೇಡ್ ಪೊಂಪಿಲಿಯು, ಕನ್ನಡಕ ಒರೆಸಿಕೊಂಡು
ಇನ್ನೊಮ್ಮೆ ನೋಡಿ ಬನ್ನಿ."
ನೋಡಿ ಬಂದೆ. ಹತ್ತೊಂಬತ್ತು.
"ಮಕ್ಕಳೆಷ್ಟು ನಿಮಗೆ?"
ಇಬ್ಬರು.
"ಇನ್ನೊಮ್ಮೆ ನೋಡಿ."
ಮೂರನೆಯ ಸಲ ಅಂಗಳಕ್ಕೆ ಹೋಗಲಿಲ್ಲ.
ಕಿಟಕಿಯ ಗಾಜಲ್ಲಿ ನನ್ನದೇ ಮುಖ ನೋಡಿಕೊಂಡು
ಒಂಬತ್ತು, ಅಂದೆ.
ಹತ್ತನ್ನು ನುಂಗಿದ್ದೆ.
ಗಂಟಲಲ್ಲಿ ಅದು ಕರಗಲು ಬಹಳ ಹೊತ್ತು ಹಿಡಿಯಿತು.

(ಹತ್ತು ದಾಟಿದರೆ ಶಾಲೆಗೆ ರಜೆ,
ಮನೆಮನೆಯ ಕೊಳವೆಗೆ ಬಿಸಿನೀರು ಬಿಡಬೇಕು, ಅದಕ್ಕೆ ಕಲ್ಲಿದ್ದಲು ಬೇಕು.
ಕಲ್ಲಿದ್ದಲು ಇರಲಿಲ್ಲ. ಒಂಬತ್ತು ಇತ್ತು.)

ಆರಕ್ಕೆ ರೇಡಿಯೋ ಓದಿತು ನನ್ನ ಒಂಬತ್ತನ್ನು,
ಬೆಣ್ಣೆ ಸವರಿದಂಥ ಕಂಠ.
ಟ್ರಾಮಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಗದರಿದರು:
ಒಂಬತ್ತಕ್ಕೇ ಹೀಗೆ ನಡುಗಿದರೆ ಹೇಗೆ? ವಯಸ್ಸಾಯಿತು ಬಿಡು ನಿನಗೆ.
ನಲ್ಲಿ ಒಡೆದ ಮನೆಯವನು ಕೊಳಾಯಿಯವನ ವಂಶವನ್ನೇ ಶಪಿಸಿದ.
ಬಂದರಿನ ಕೂಲಿ ಲಾಸ್ಕರ್,
ಬೆರಳು ಇದ್ದಿಲಿನಂತೆ ಕಪ್ಪಾಗಿತ್ತು,
ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಂತನಂತೆ
ಅದು ತನ್ನದೇ ತಪ್ಪು ಎಂಬಂತೆ.

ಅವರೆಲ್ಲ ರೇಡಿಯೋ ನಂಬಿದರು ಎನ್ನಲಾರೆ.
ಫೋನಿನ ಮೇಲೆ ದಿಂಬು ಹೇರಿ ಅಡುಗೆಮನೆಯಲ್ಲಿ ನಗುತ್ತಿದ್ದರು.
ಚರ್ಮವನ್ನು ನಂಬುವುದು ಬಿಟ್ಟರು, ಅಷ್ಟೇ.
ಅಷ್ಟು ಸಾಕಿತ್ತು ರಾಜಧಾನಿಗೆ.

ಸೋದರತ್ತೆ ಸೆವಸ್ತಿತ್ಸಾಳ ಬಾಲ್ಕನಿಯಲ್ಲಿ ಉಪ್ಪುಮೀನಿನ ಪೀಪಾಯಿ.
ಮೊಟ್ಟೆ ತೇಲುವಷ್ಟು ಉಪ್ಪು ಹಾಕುವವಳು ಆಕೆ.
ಸೌಟಿನಿಂದ ತಟ್ಟಿದಳು. ಟಣ್ ಎಂದಿತು.
"ಮೂವತ್ತು ವರ್ಷ ಈ ನೀರು ಒಂಬತ್ತಕ್ಕೆ ಹೆಪ್ಪುಗಟ್ಟಿದ್ದಿಲ್ಲ.
ಉಪ್ಪುನೀರಿಗೆ ರೇಡಿಯೋ ಕೇಳಿಸೋದಿಲ್ಲ ಕಣೋ."
ನನ್ನ ಕಡೆ ನೋಡಲಿಲ್ಲ.
ಸುತ್ತಿಗೆಯಿಂದ ಮಂಜು ಒಡೆದು
ನನ್ನ ತಟ್ಟೆಗೆ ಎರಡು ಮೀನು ಹೆಚ್ಚು ಬಡಿಸಿದಳು.
ಬೈಗುಳವೋ ಕ್ಷಮೆಯೋ, ತಿಂದು ಮುಗಿಸಿದೆ.

ಫೆಬ್ರವರಿಯಲ್ಲಿ ಆ ಕಡೆಯವರು ಮರುಪ್ರಶ್ನೆ ಹಾಕುವುದನ್ನು ನಿಲ್ಲಿಸಿದರು.
ಬೇಕಿರಲಿಲ್ಲ.
ಒಂದು ಬೆಳಗು ಗೂಡು ತೆರೆದು ನೋಡುತ್ತೇನೆ,
ದೇವರಾಣೆ, ಪಾದರಸ ತಾನಾಗಿ ಒಂಬತ್ತರಲ್ಲೇ ನಿಂತಿದೆ!
ಎಷ್ಟು ಹಗುರಾಯಿತು ಎದೆ.
ಸುಳ್ಳು ಹೇಳಬೇಕಿಲ್ಲ ಇವತ್ತು.
ಖುಷಿಗೆ ಕೈಗವಸು ಕಳಚಿ ಬಾಗಿಲು ಮುಚ್ಚಿದೆ.
ಅಂಗೈ ಕಬ್ಬಿಣದ ಚಿಲಕಕ್ಕೆ ಅಂಟಿಕೊಂಡಿತು.
ಎಳೆದೆ.
ನಾನು ಬಂದೆ, ಚರ್ಮ ಅಲ್ಲೇ ಉಳಿಯಿತು.
ಅದು ಓದಿದ ಅಂಕಿ ಬೇರೆ ಇತ್ತು.

ಈಗ ರೇಡಿಯೋ ಬದಲಾಗಿದೆ, ರಾಜಧಾನಿಯೂ.
ಮೊಮ್ಮಗಳು ಇಲಿಂಕಾ ಶಾಲೆಗೆ ಹೊರಟವಳು
ಬಾಗಿಲಲ್ಲಿ ನಿಂತು ಕೇಳುತ್ತಾಳೆ: ತಾತ, ಹೊರಗೆ ಚಳಿಯಾ?
ಕಿಟಕಿ ತೆರೆದಿದೆ. ಗಾಳಿ ಮುಖಕ್ಕೇ ಬಡಿಯುತ್ತಿದೆ.
ಆದರೂ ಒಂದು ಗಳಿಗೆ ಕಾಯುತ್ತೇನೆ
ಎಲ್ಲೋ ಯಾರೋ ಚಹಾ ಕಲಕುವ ಸದ್ದಿಗೆ.