ನೂರು ವೋಲ್ಟಿನ ಹತ್ತರಿ

ಇಲೊಯಿಲೊ ಬಂದರಿನಲ್ಲಿ ಜಪಾನಿನ ಕಂಟೇನರು ಬಾಯಿ ತೆರೆದಾಗ
ಹರಿದ ಸೋಫಾ, ಮಕ್ಕಳ ಸೈಕಲ್ಲು, ಯಾರದೋ ಮದುವೆಯ ಪಿಂಗಾಣಿ,
ಅದರಡಿ ಸಿಕ್ಕಿತು ನನಗೆ ಈ ಹತ್ತರಿ ಯಂತ್ರ.
ಹೊಟ್ಟೆಯ ಮೇಲೆ ಮೊಳೆಯಲ್ಲಿ ಗೀಚಿದ ನಾಲ್ಕು ಅಕ್ಷರ.
ಹೆಸರಿರಬೇಕು, ಎಂದೆ.
‘ಮುಟ್ಟಬೇಡಿ’ ಅಂತಲೂ ಇರಬಹುದು,
ಅಂದಳು ಅಂಗಡಿಯ ಹುಡುಗಿ, ಚಿಲ್ಲರೆ ಎಣಿಸುತ್ತ.

ನೂರು ವೋಲ್ಟ್ ಎಂದು ಚೀಟಿಯಲ್ಲೇ ಇತ್ತು. ಓದಲಿಲ್ಲ.
ನಮ್ಮ ಗೋಡೆಯೊಳಗೆ ಇನ್ನೂರ ಇಪ್ಪತ್ತು.
ಪ್ಲಗ್ಗು ಸಲೀಸಾಗಿ ಕೂತಿತು:
ಎರಡು ದೇಶಕ್ಕೂ ತೂತಿನ ಅಳತೆ ಒಂದೇ,
ಮೋಸವೆಲ್ಲ ಅಲ್ಲೇ.
ಗುಂಡಿ ಒತ್ತಿದೆ. ಕೀರಲು ದನಿಯಲ್ಲಿ ಏರಿತು, ಏರಿತು,
ದೋಣಿಯ ಹಲಗೆ ಬೆಣ್ಣೆಯಂತೆ ಸುರುಳಿಯೆದ್ದಿತು,
ಇಷ್ಟು ಚೆನ್ನಾಗಿ ಯಾವತ್ತೂ ಕೆಲಸ ಮಾಡಿಲ್ಲ ಅನ್ನಿಸಿತು
ಐದೇ ಐದು ಗಳಿಗೆಯುಸಿರು.
ಆಮೇಲೆ ಹೊಗೆ, ಸುಟ್ಟ ಅರಗಿನ ವಾಸನೆ,
ನಾಯಿ ಎದ್ದು ಆಚೆ ಹೋಯಿತು.

‘ಉಣಿಸಿ ಉಣಿಸಿ ಕೊಂದಿದ್ದೀಯ,’ ಎಂದಳು ಪೆರ್ಪೆತ್ವಾ,
ಐಸ್ ಕಾರ್ಖಾನೆಯ ಹಿಂದೆ ಮೋಟಾರು ಸುತ್ತುವವಳು.
ಕರಕಲು ತಂತಿ ಬಿಚ್ಚುತ್ತ ಸುತ್ತು ಎಣಿಸಿದಳು.
ಇಪ್ಪತ್ತಾರಕ್ಕೆ ನಾನು ಬಾಯಿ ಹಾಕಿದೆ, ಎಷ್ಟಾಗುತ್ತೆ ಅಂತ.
ದುರುಗುಟ್ಟಿ ನೋಡಿ ಮತ್ತೆ ಒಂದರಿಂದ ಹಿಡಿದಳು.

‘ಬೇಕಾದರೆ ಇದನ್ನ ನಮ್ಮೂರಿನದು ಮಾಡಿಬಿಡ್ತೀನಿ:
ಎರಡರಷ್ಟು ಸುತ್ತು, ಅರ್ಧ ದಪ್ಪದ ತಂತಿ.
ಇಲ್ಲಾ ಇದ್ದ ಹಾಗೇ ಇರಲಿ,
ನೀನೇ ಒಂದು ಟ್ರಾನ್ಸ್‌ಫಾರ್ಮರ್ ಹೊತ್ತು ತಿರುಗು.’
ಇದ್ದ ಹಾಗೇ, ಎಂದೆ. ಯಾಕೆಂದು ಅವಳು ಕೇಳಲಿಲ್ಲ,
ಕೇಳಿದ್ದರೆ ನನ್ನ ಬಳಿ ಉತ್ತರವೂ ಇರಲಿಲ್ಲ.

ಹನ್ನೆರಡು ಕಿಲೋ ಕಬ್ಬಿಣದ ಪೆಟ್ಟಿಗೆ, ಹತ್ತರಿಗಿಂತ ಮೂರು ಪಾಲು ಭಾರ.
ಮಗ ದಿಂದೊ ಅದನ್ನು ತಬ್ಬಿಕೊಂಡು ಮರಳಿನ ಮೇಲೆ ಬರುತ್ತಾನೆ,
ಕಾಲು ಮುರಿದ ಹಂದಿಮರಿ ತರುವವನಂತೆ.
ದಿನವಿಡೀ ಅದು ಗೊಣಗುತ್ತದೆ,
ಇನ್ನೂರ ಇಪ್ಪತ್ತನ್ನು ಅಗಿದು, ಮೆತ್ತಗೆ ಮಾಡಿ,
ಮುದುಕನಿಗೆ ಗಂಜಿ ಕುಡಿಸಿದಂತೆ ಕುಡಿಸುತ್ತದೆ.

ಸಂಜೆ ಆರಕ್ಕೆ ಹತ್ತರಿಯ ದನಿ ತಗ್ಗುತ್ತದೆ.
ಓಣಿಯಲ್ಲೆಲ್ಲ ಅನ್ನಕ್ಕಿಡುವ ಹೊತ್ತು; ತಂತಿಯ ಕೊನೆಯ ಮನೆ ನಮ್ಮದು.
ಮೊದಲು ಶಿಕ್ಷಕಿಯ ಮನೆ, ಆಮೇಲೆ ಮೀನು ಹರಾಜಿನವರದು,
ದನಿ ಕೇಳಿಯೇ ಹೇಳಬಲ್ಲೆ
ಯಾರು ಈಗಷ್ಟೇ ಕುಕ್ಕರಿನ ಗುಂಡಿ ಒತ್ತಿದರೆಂದು.
ಆಗ ಬಿಡುತ್ತೇನೆ ಕೆಲಸ.

ನಾಲ್ಕರಲ್ಲಿ ಎರಡಕ್ಷರ ಉಳಿದಿವೆ.
ಮೂರನೆಯದು ನನ್ನ ಅಂಗೈ ಕೂರುವ ಜಾಗದಲ್ಲಿತ್ತು.